ಸುವರ್ಣ ಸೌಧದ ಉದ್ಘಾಟನೆಗೆ ಹೋದುದು

2012ನೆಯ ಅಕ್ಟೋಬರ್ 11ರಂದು ಬೆಳಗಾವಿಯ ಸುವರ್ಣ ವಿಧಾನಸೌಧದ ಉದ್ಘಾಟನೆಯನ್ನು ಕಣ್ಣಾರೆ ಕಾಣಬೇಕೆಂದು ನಾವು ಮೂಡಲಗಿಯಿಂದ ಹೊರಟೆವು. ಗೋಕಾಕದಲ್ಲಿ ಇಬ್ಬರು ಮಿತ್ರರು ಜೊತೆಗೂಡಿದರು. ದಾರಿ ಸುತ್ತಾದರೂ ಹುಕ್ಕೇರಿಯ ವಕೀಲ ಮಿತ್ರರನ್ನು ಬಿಟ್ಟುಹೋಗುವಂತಿರಲಿಲ್ಲ. ಬಂಡಿಯಲ್ಲಿ ಸ್ಥಳ ಕಡಿಮೆ, ವಾದ ಹೆಚ್ಚು! 1956ರಲ್ಲಿ ಮುಂಬಯಿಯನ್ನು ಬಿಟ್ಟು ಕನ್ನಡ ರಾಜ್ಯವನ್ನು ಸೇರಿದ ಈ ಸೀಮೆಗೆ ರಾಜಧಾನಿ ಸುಮಾರು 500 ಕಿಲೋಮೀಟರು ದೂರ. ಒಂದು ರುಜುವಿಗಾಗಿ ಎರಡು ರಾತ್ರಿ ರೈಲಿನಲ್ಲಿ ಕಳೆಯುವ ಕಷ್ಟವನ್ನು ಬೆಂಗಳೂರಿನವರು ಅರಿಯರು. ಹಲಗಾದ ಬಳಿ ಸೌಧದ ಗುಮ್ಮಟವು ಕಂಡೊಡನೆ ಎಲ್ಲರೂ ಮೌನವಾದೆವು. ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಸೌಧವನ್ನು ಉದ್ಘಾಟಿಸಿದರು. ಜನಸಾಗರವು ಹರ್ಷಧ್ವನಿ ಮಾಡಿತು. ಮರಳುವಾಗ ವಕೀಲರು, “ಮನಿ ಏನೋ ಆತು, ಒಳಗ ಇರಾವ್ರು ಯಾವಾಗ ಬರ್ತಾರ್ರೀ?” ಎಂದರು. ಅಲ್ಲಿಂದ ಹುಕ್ಕೇರಿಯವರೆಗೂ ಅದೇ ಚರ್ಚೆ ನಡೆಯಿತು.