ಕೆಲಸ ಪರ್ಮನೆಂಟಾ?

(ಪುತ್ತೂರಿನಲ್ಲಿ ಪದವಿ ವಿದ್ಯಾರ್ಥಿಗಳೆದುರು ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಹುಡುಗನೊಬ್ಬನ ಜಾತಕ ಕೈಗೆ ಬಂದರೆ ನಕ್ಷತ್ರ ನೋಡುವುದಕ್ಕೂ ಮೊದಲು ಕೇಳುವ ಪ್ರಶ್ನೆ ಒಂದಿದೆ: "ಕೆಲಸ ಪರ್ಮನೆಂಟಾ?" ಸಂಬಳ ಎಷ್ಟೆಂಬುದು ಅನಂತರದ ಮಾತು. ತುಳು, ಅರೆಭಾಷೆ, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ ಯಾವುದನ್ನಾಡುವವರೂ ಈ ಒಂದು ಇಂಗ್ಲಿಷ್ ಪದವನ್ನು ಹಾಗೆಯೇ ಇಟ್ಟುಕೊಂಡಿದ್ದಾರೆ. 'ಉದ್ಯೋಗ ಭದ್ರತೆ' ಎಂಬುದು ನಾವು ಪತ್ರಿಕೆಯವರು ಬರೆಯುವ ಶಬ್ದ. ಮನೆಯ ಜಗಲಿಯಲ್ಲಿ ಅದು ಚಲಾವಣೆಯಾಗುವುದಿಲ್ಲ.

ಪದ ಹೊಸದಾದರೂ ವಿಚಾರ ಹಳೆಯದು. ದಕ್ಷಿಣ ಕನ್ನಡದ ಅಜ್ಜಂದಿರಿಗೆ ಅದಕ್ಕೆ ಎರಡು ಸೊಗಸಾದ ಪದಗಳಿದ್ದವು: ಮೂಲಗೇಣಿ ಮತ್ತು ಚಾಲಗೇಣಿ. ಮೂಲಗೇಣಿಯ ಒಕ್ಕಲಿಗೆ ಭೂಮಿ ಶಾಶ್ವತ. ಗೊತ್ತುಮಾಡಿದ ಗೇಣಿ ಕೊಡುತ್ತಿರುವವರೆಗೆ ಅವನನ್ನು ಎಬ್ಬಿಸುವಂತಿಲ್ಲ, ಗೇಣಿಯನ್ನು ಏರಿಸುವಂತಿಲ್ಲ. ಚಾಲಗೇಣಿಯವನದು ವರ್ಷದಿಂದ ವರ್ಷಕ್ಕೆ ಸಾಗುವ ಬದುಕು. ಧಣಿಯ ಮನಸ್ಸು ತಿರುಗಿದರೆ ಮುಂದಿನ ಬೆಳೆ ಇನ್ನೊಬ್ಬನದು. ಹಬ್ಬಕ್ಕೆ ಧಣಿಯ ಮನೆಗೆ ಬಾಳೆಗೊನೆ, ತರಕಾರಿ ಹೊತ್ತುಕೊಂಡು ಹೋಗುತ್ತಿದ್ದುದರಲ್ಲಿ ಗೌರವ ಎಷ್ಟು, ಒಕ್ಕಲು ತಪ್ಪೀತೆಂಬ ಅಂಜಿಕೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ದೇವರಾಜ ಅರಸರ ಸರಕಾರದ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಈ ಅಂಜಿಕೆಗೆ ಕೊನೆ ಹಾಡಿತು. ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ಸಾಲುಗಟ್ಟಿದರು. ಹಲವರ ಹಿರಿಯರು ಹೀಗೆ ಭೂಮಾಲೀಕರಾದವರು. ಆದರೆ ಅದೇ ಗದ್ದೆಯಲ್ಲಿ ಅದೇ ಒಕ್ಕಲಿನ ಜೊತೆ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ ಕೂಲಿಯಾಳಿಗೆ ಗದ್ದೆ ಬರಲಿಲ್ಲ. ಬಂದರೆ ಅವನು ವಾಸವಿದ್ದ ಮನೆಯ ಅಡಿಸ್ಥಳ. ದುಡಿದದ್ದು ಇಬ್ಬರೂ, ವರ್ಷಗಳ ಲೆಕ್ಕದಲ್ಲಿ ಬಹುಶಃ ಆಳೇ ಹೆಚ್ಚು. ಎಷ್ಟು ವರ್ಷ ದುಡಿದೆ ಎಂಬುದಕ್ಕಿಂತ ಯಾವ ಹೆಸರಿನಲ್ಲಿ ದುಡಿದೆ ಎಂಬುದೇ ನಿರ್ಣಾಯಕವಾಯಿತು. ನಮ್ಮ ಮೂರು ತಾಲೂಕುಗಳ ಬೇರೆ ಬೇರೆ ಕಸುಬಿನವರನ್ನು ಕಂಡಾಗಲೆಲ್ಲ ನನಗೆ ಈ ಸಂಗತಿ ನೆನಪಿಗೆ ಬರುತ್ತದೆ.

ಬೀಡಿಯನ್ನೇ ನೋಡಿ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟುವ ಹೆಂಗಸರು ನಮ್ಮಲ್ಲಿ ಯಾವ ಊರಿನಲ್ಲಿಲ್ಲ? ಮಗಳ ಫೀಸು, ಅಂಗಡಿಯ ಸಾಲ, ಮದುವೆಯ ಬಂಗಾರ ಎಲ್ಲವೂ ಸಾವಿರ ಬೀಡಿಗೆ ಇಷ್ಟೆಂಬ ಲೆಕ್ಕದಲ್ಲಿ ಹುಟ್ಟಿದವು. ಇವರು ಕಾರ್ಖಾನೆಯ ಬಾಗಿಲನ್ನೇ ಕಂಡವರಲ್ಲ. ಕಂಟ್ರಾಕ್ಟುದಾರ ಎಲೆ ಕೊಡುತ್ತಾನೆ, ಕಟ್ಟಿದ್ದನ್ನು ಎಣಿಸಿಕೊಳ್ಳುತ್ತಾನೆ. ಹಾಗಾದರೆ ಇವರ ಮಾಲೀಕ ಯಾರು?

ಸಂಸತ್ತು 1966ರಲ್ಲಿ ಬೀಡಿ ಕಾರ್ಮಿಕರಿಗಾಗಿಯೇ ಒಂದು ಕಾಯ್ದೆ ಮಾಡಿತು. ಅದನ್ನು ಪ್ರಶ್ನಿಸಿ ಉದ್ಯಮಿಗಳು ಸುಪ್ರೀಂ ಕೋರ್ಟಿಗೆ ಹೋದರು. ಆ ವ್ಯಾಜ್ಯ ಕಾನೂನು ಪುಸ್ತಕಗಳಲ್ಲಿ ಇಂದಿಗೂ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣ ಎಂಬ ಹೆಸರಿನಲ್ಲಿದೆ. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ನಡುವೆ ಕಂಟ್ರಾಕ್ಟುದಾರನಿದ್ದರೂ ಬೀಡಿಯ ಮೇಲೆ ಯಾರ ಮಾರ್ಕಿದೆಯೋ ಅವರ ಹೊಣೆ ತಪ್ಪುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಮನೆಯಲ್ಲಿ ಕೂತು ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲುತ್ತದೆಂದು 1985ರಲ್ಲಿ ಇನ್ನೊಂದು ತೀರ್ಪು ಬಂತು. ಜಗಲಿಯಲ್ಲಿ ಕೂತ ಹೆಂಗಸಿನ ಹೆಸರಿಗೆ ಒಂದು ಪುಸ್ತಕ, ಒಂದು ಪಿ.ಎಫ್. ನಂಬರು ಬಂದ ದಾರಿ ಇದು. ಸಣ್ಣ ಸಂಗತಿಯಲ್ಲ.

ಆರು ತಿಂಗಳು ದುಡಿದ ಬೀಡಿ ಕಾರ್ಮಿಕರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಸಂಬಳವಿಲ್ಲದೆ ತೆಗೆಯಬಾರದೆಂದೂ ಆ ಕಾಯ್ದೆಯಲ್ಲಿತ್ತು. ಆದರೆ ತೆಗೆಯುವವರು ಯಾರು? ಬೀಡಿಯಲ್ಲಿ ಯಾರನ್ನೂ ತೆಗೆಯುವುದಿಲ್ಲ. ಎಲೆ ಕಡಿಮೆಯಾಗುತ್ತದೆ, ಅಷ್ಟೇ. ವಾರಕ್ಕೆ ಆರು ದಿನವಿದ್ದದ್ದು ನಾಲ್ಕಾಗುತ್ತದೆ, ಮೂರಾಗುತ್ತದೆ. ಕಾರ್ಡು ಕಪಾಟಿನಲ್ಲಿ ಭದ್ರ, ನೌಕರಿಯೂ ಕಾಗದದ ಮೇಲೆ ಭದ್ರ. ಕಡಿಮೆಯಾದ ಎಲೆಗೆ ನೋಟಿಸು ಕೊಡಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. 1976ರಿಂದ ಬೀಡಿಯ ಮೇಲಿನ ಸೆಸ್ಸಿನಿಂದ ಇವರ ಮಕ್ಕಳ ವಿದ್ಯಾರ್ಥಿವೇತನಕ್ಕೂ ಔಷಧಿಗೂ ಹಣ ಬರುತ್ತಿತ್ತು, 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ಸು ರದ್ದಾಯಿತು.

ಸುಳ್ಯದ ಕಡೆ ಹೋದರೆ ಚಿತ್ರ ಬೇರೆ. ಅಲ್ಲಿ ಮತ್ತು ಪುತ್ತೂರಿನಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಟ್ಯಾಪಿಂಗ್ ಮಾಡುವವರಲ್ಲಿ ಬಹಳ ಮಂದಿ ತಮಿಳು ಮಾತಾಡುವವರು. ಇವರ ಹಿರಿಯರು ಶ್ರೀಲಂಕಾದ ತೋಟಗಳಲ್ಲಿ ತಲೆಮಾರುಗಳಿಂದ ದುಡಿದವರು. ಅಷ್ಟು ದುಡಿದರೂ ಸ್ವತಂತ್ರ ಸಿಲೋನಿನಲ್ಲಿ ಪೌರರಾಗಲಿಲ್ಲ. ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ 1964ರ ಅಕ್ಟೋಬರ್‌ನಲ್ಲಿ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿಯನ್ನು ಭಾರತ, 3,00,000 ಮಂದಿಯನ್ನು ಸಿಲೋನು ಸ್ವೀಕರಿಸಬೇಕೆಂದಾಯಿತು. ಮನುಷ್ಯರನ್ನು ಹೀಗೆ ಅಡಿಕೆ ಹಂಚಿದಂತೆ ಹಂಚಿಕೊಂಡರು. ಹಾಗೆ ಬಂದವರಲ್ಲಿ ಕೆಲವರ ಪಾಲಿಗೆ ನಮ್ಮ ಕಾಡಂಚಿನ ರಬ್ಬರ್ ತೋಟ ಬಂತು.

ಇಲ್ಲಿ ಅವರಿಗೆ ಸಿಕ್ಕಿದ ನೌಕರಿ ಹೊರನೋಟಕ್ಕೆ ಎಲ್ಲರೂ ಅಸೂಯೆಪಡುವಂಥದ್ದು: ಸರಕಾರಿ ನಿಗಮ, ಭವಿಷ್ಯನಿಧಿ, ಮನೆ. ಆದರೆ ಆ ಮನೆ ನೌಕರಿಗೆ ಅಂಟಿಕೊಂಡ ಮನೆ. ನಮ್ಮಲ್ಲಿ ನಿವೃತ್ತನಾದ ಮೇಷ್ಟ್ರು ತನ್ನ ಮನೆಯಲ್ಲಿ ಕೂತು ಪಿಂಚಣಿ ಎಣಿಸುತ್ತಾರೆ. ಇವರಿಗೆ ನಿವೃತ್ತಿಯ ದಿನ ಸಂಬಳದ ಜೊತೆಗೆ ಸೂರಿನ ಪ್ರಶ್ನೆಯೂ ಏಳುತ್ತದೆ. ಹೋಗಲು ಬೇರೆ ಊರಿಲ್ಲ, ಅಜ್ಜನ ಗದ್ದೆಯಿಲ್ಲ. ಮನೆ ಉಳಿಯಬೇಕಾದರೆ ಮನೆಯಲ್ಲೊಬ್ಬರು ಮುಂಜಾನೆಯ ಕತ್ತಲಲ್ಲಿ ಮರದ ಬುಡದಲ್ಲಿರಬೇಕು. ಓದಿದ ಮಗನಿಗೆ ಬೇರೆ ದಾರಿ ಕಂಡರೂ ಈ ಲೆಕ್ಕ ಕಾಲು ಹಿಡಿದು ಎಳೆಯುತ್ತದೆ. ಇಷ್ಟರ ಮೇಲೆ ರಬ್ಬರ್ ಮರಕ್ಕೂ ಆಯುಸ್ಸಿದೆ. ಇಪ್ಪತ್ತೈದು, ಮೂವತ್ತು ವರ್ಷಕ್ಕೆ ಕಡಿದು ಮರುನಾಟಿ ಮಾಡಿದರೆ ಹೊಸ ಮರ ಹಾಲು ಕೊಡಲು ಆರೇಳು ವರ್ಷ ಬೇಕು. ಆ ಬ್ಲಾಕಿನ ಟ್ಯಾಪರ್ ಅಷ್ಟು ಕಾಲ ಏನು ಮಾಡಬೇಕು? ಭದ್ರವಾದ ನೌಕರಿಯೇ ಮನುಷ್ಯನನ್ನು ಕಟ್ಟಿಹಾಕುವುದೂ ಉಂಟೆಂಬುದಕ್ಕೆ ನಾನು ಕಂಡ ಅತ್ಯಂತ ಸ್ಪಷ್ಟ ಉದಾಹರಣೆ ಇದು.

ಇನ್ನು ಸರಕಾರಿ ಕಚೇರಿ. ಸಂವಿಧಾನದ 311ನೆಯ ವಿಧಿ ಕಾಯಂ ನೌಕರನಿಗೆ ಕೋಟೆಯಂತಿದೆ. ವಿಚಾರಣೆಯಿಲ್ಲದೆ ಅವನನ್ನು ವಜಾ ಮಾಡುವುದು ಸುಲಭವಲ್ಲ. ಅದೇ ಕೋಣೆಯಲ್ಲಿ, ಪಕ್ಕದ ಮೇಜಿನಲ್ಲಿ, ಅದೇ ಕಡತ ಬರೆಯುವ ದಿನಗೂಲಿಯವನಿಗೆ ಆ ಕೋಟೆಯ ಗೋಡೆ ಮಾತ್ರ ಕಾಣುತ್ತದೆ. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರಲ್ಲಿ ದಿನಗೂಲಿಗೆ ಸೇರಿದವರು, ಹತ್ತು ವರ್ಷ ದುಡಿದಿದ್ದೇವೆ, ಕಾಯಂ ಮಾಡಿ ಎಂದು ಕೋರ್ಟಿಗೆ ಹೋದರು. ಇಡೀ ದೇಶ ಇಂದಿಗೂ ಉಲ್ಲೇಖಿಸುವ ಉಮಾದೇವಿ ಪ್ರಕರಣ ಇದು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ, ನೇಮಕಾತಿಯ ಕ್ರಮದಲ್ಲಿ ಬಾರದವರಿಗೆ ಬಹುಕಾಲ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದಾಟಿದ ಕೆಲವರಿಗೆ ಒಂದು ಬಾರಿಯ ವಿನಾಯಿತಿ ಕೊಟ್ಟಿತು. 1974ರ ಗದ್ದೆಯ ಆಳಿನ ಕಥೆಗೂ ಇದಕ್ಕೂ ಎಷ್ಟು ದೂರ? ಆದರೆ ಹಿತ್ತಿಲ ಬಾಗಿಲಿನ ನೇಮಕಾತಿಯಿಂದ, ಅರ್ಜಿ ಹಾಕಿ ಕಾಯುತ್ತಿರುವ ನಿಮ್ಮಂಥವರಿಗೆ ಅನ್ಯಾಯವಾಗುತ್ತದೆಂಬ ಕೋರ್ಟಿನ ವಾದವನ್ನೂ ತಳ್ಳಿಹಾಕುವಂತಿಲ್ಲ. ಇದೇ ತೀರ್ಪನ್ನು ದೀರ್ಘಕಾಲ ದುಡಿಸಿಕೊಂಡವರನ್ನು ಕೈಬಿಡಲು ಆಯುಧವಾಗಿ ಬಳಸಬಾರದೆಂದು 2024ರ ಡಿಸೆಂಬರಿನಲ್ಲಿ ಜಗ್ಗೋ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಯಕ್ಷಗಾನ ಕಲಾವಿದರಿಗೆ ಕೆಲಸ ಮುಗಿಯುವ ದಿನ ಪಂಚಾಂಗದಲ್ಲೇ ಇದೆ. ತುಳು ತಿಂಗಳು ಬೇಶದ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸು, ಪತ್ತನಾಜೆ. ಅಂದು ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ದೀಪಾವಳಿಯ ನಂತರ. ನಡುವಿನ ಮಳೆಗಾಲದಲ್ಲಿ ತಾಳಮದ್ದಳೆ, ಚಿಕ್ಕಮೇಳ, ಮುಂಬಯಿಯ ಪ್ರವಾಸ, ಇಲ್ಲವೇ ಮನೆಯ ತೋಟ. ಹರಕೆಯ ಆಟಗಳು ವರ್ಷಗಟ್ಟಲೆ ಮುಂಚೆ ನಿಗದಿಯಾಗಿರುವ ಮೇಳದಲ್ಲಿ ಸ್ಥಾನ ಸಿಕ್ಕಿದವರಿಗೆ ಒಂದು ಧೈರ್ಯವಿದೆ; ಆದರೆ ಧೈರ್ಯ ಮೇಳದ್ದು, ಗಂಟಲು ಮತ್ತು ಮೊಣಗಂಟು ಕಲಾವಿದನದ್ದು.

ಅಡಿಕೆ ಮರ ಏರುವವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೂ ಆಟಿಯಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತಿಗೆ ದೊಡ್ಡ ದೊಡ್ಡ ಕೃಷಿಕರೇ ಅವರ ಮನೆ ಬಾಗಿಲಿಗೆ ಹೋಗಿ, "ನಾಳೆಯಾದರೂ ಬನ್ನಿ ಮಾರಾಯ್ರೆ" ಎಂದು ಅಂಗಲಾಚುತ್ತಾರೆ. ಅವರ ಭದ್ರತೆ ಅವರ ಕೊರತೆಯಲ್ಲಿದೆ. ಆದರೆ ಮರದಿಂದ ಬಿದ್ದ ದಿನ ಪಿ.ಎಫ್. ಇಲ್ಲ, ನೋಟಿಸಿಲ್ಲ, ಮರುದಿನ ಆ ತೋಟಕ್ಕೆ ಬೇರೊಬ್ಬರು ಫೈಬರ್ ದೋಟಿ ಹಿಡಿದು ಬರುತ್ತಾರೆ.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1966ರ ಬೀಡಿ ಕಾಯ್ದೆಯೂ, ತೋಟಕಾರ್ಮಿಕರ 1951ರ ಕಾಯ್ದೆಯೂ ಇವುಗಳಲ್ಲಿ ವಿಲೀನವಾದವು. ನಿಗದಿತ ಅವಧಿಗೆ ಸೇರಿದವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಎಂದಾಯಿತು. ಇತ್ತ, ಕಾರ್ಖಾನೆಗಳು ಕಾರ್ಮಿಕರನ್ನು ಕಡಿತಗೊಳಿಸಲು ಸರಕಾರದ ಅನುಮತಿ ಪಡೆಯಬೇಕಾದ ಮಿತಿ ನೂರು ಮಂದಿಯಿಂದ ಮುನ್ನೂರಕ್ಕೇರಿತು. ನಮ್ಮೂರ ಸಣ್ಣಪುಟ್ಟ ಘಟಕಗಳು ಆ ಲೆಕ್ಕಕ್ಕೆ ಮೊದಲೂ ಬರುತ್ತಿರಲಿಲ್ಲ. ಎಲ್ಲ ಕಾರ್ಮಿಕರಿಗೂ ಬರಹದಲ್ಲಿ ನೇಮಕ ಪತ್ರ ಕೊಡಬೇಕೆಂಬುದು ಇವುಗಳಲ್ಲಿ ನನ್ನ ಗಮನ ಸೆಳೆದ ಮಾತು. ಕಡಬದ ಒಂದು ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸಿನ ಕೈಗೆ ಆ ಪತ್ರ ಬಂದರೆ ಅದರ ಕೆಳಗೆ ಎಲೆ ತಂದುಕೊಡುವ ಕಂಟ್ರಾಕ್ಟುದಾರನ ಸಹಿ ಇರುತ್ತದೋ, ಬೀಡಿಯ ಮೇಲೆ ಮಾರ್ಕಿರುವವರದ್ದೋ, ಮತ್ತು ವಾರಕ್ಕೆ ಎಷ್ಟು ಎಲೆ ಎಂದು ಅದರಲ್ಲಿ ಬರೆದಿರುತ್ತದೋ, ಇಲ್ಲವೋ ಎಂಬುದನ್ನು ನಾನು ಹೋಗಿ ನೋಡಬೇಕೆಂದಿದ್ದೇನೆ. ನಿಮ್ಮಲ್ಲಿ ಅನೇಕರ ಮನೆಯಲ್ಲೇ ಆ ತಡ್ಪೆ ಇರಬಹುದು. ಪತ್ರ ಬಂದರೆ ನೀವೇ ಓದಿ ಹೇಳಿ.