ಚಕ್ಕಿ ಹಿಟ್ಟಿಗೆ ಸೊನ್ನೆ, ಪ್ಯಾಕೆಟ್ ಹಿಟ್ಟಿಗೆ ಐದು

ಇಂದಿರಾಪುರಂನಿಂದ ಮಾತಾಡ್ತಾ ಇದ್ದೀನಿ. ಮಧ್ಯೆ ಕುಕ್ಕರ್ ಕೂಗಿದರೆ ಸ್ವಲ್ಪ ಹೊಂದಿಸಿಕೊಳ್ಳಿ.

ಕಳೆದ ವಾರ ಬೆಂಗಳೂರಿಂದ 2 ಕೆಜಿ ರಾಗಿ ಹಿಟ್ಟು ತರಿಸಿದೆ. ಬಿಲ್ಲಲ್ಲಿ ಐಜಿಎಸ್‌ಟಿ ಶೇ. 5. (ಇದರಲ್ಲಿ ರಾಜ್ಯದ ಪಾಲು ಹೋಗೋದು ಉತ್ತರ ಪ್ರದೇಶಕ್ಕೆ, ಕರ್ನಾಟಕಕ್ಕಲ್ಲ. ಸರಕು ಎಲ್ಲಿ ಬಳಕೆಯಾಗುತ್ತೋ ಅಲ್ಲಿಗೆ ತೆರಿಗೆ.) ಅದೇ ಸಂಜೆ ನೀತಿಖಂಡದ ಚಕ್ಕಿಯಲ್ಲಿ ಗೋಧಿ ಹಿಟ್ಟು ತೂಗಿಸಿಕೊಂಡು ಬಂದೆ. ತೆರಿಗೆ ಸೊನ್ನೆ. ಎರಡೂ ಹಿಟ್ಟೇ, ವ್ಯತ್ಯಾಸ ಇರೋದು ಕವರಿನಲ್ಲಿ.

ವ್ಯಾಟ್ ಕಾಲದಲ್ಲಿ ಕರ್ನಾಟಕದ ಬಜೆಟ್ ಭಾಷಣದಲ್ಲಿ ಒಂದು ಮಾತು ವರ್ಷವರ್ಷವೂ ಬರ್ತಿತ್ತು: ಭತ್ತ, ಅಕ್ಕಿ, ಗೋಧಿ, ಬೇಳೆಕಾಳಿಗೆ ತೆರಿಗೆ ವಿನಾಯಿತಿ ಇನ್ನೊಂದು ವರ್ಷ ಮುಂದುವರಿಕೆ. 2017ರ ಜುಲೈ 1ರಿಂದ ಅದು ಒಂದು ರಾಜ್ಯದ ಕೈಲಿಲ್ಲ. ಜಿಎಸ್‌ಟಿ ಮಂಡಳಿಯಲ್ಲಿ ಮುಕ್ಕಾಲು ಪಾಲು ಮತ ಬೇಕು, ಮೂರನೇ ಒಂದು ಪಾಲು ಕೇಂದ್ರದ್ದೇ.

ಮೊದಲು ನೋಂದಾಯಿತ ಬ್ರ್ಯಾಂಡಿನ ಅಕ್ಕಿ, ಹಿಟ್ಟಿಗೆ ಮಾತ್ರ ಶೇ. 5 ಇತ್ತು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟು, ಮೊಸರು, ಮಜ್ಜಿಗೆ ಎಲ್ಲಕ್ಕೂ ಬಂತು. ನಂದಿನಿ ಮೊಸರಿನ ಬೆಲೆ ಏರಿಸಿ, ಜನ ರೇಗಿದ ಮೇಲೆ ಸ್ವಲ್ಪ ಇಳಿಸಿದ್ದು ನೆನಪಿರಬಹುದು.

ನನಗೆ ಚುಚ್ಚಿದ್ದು ಇನ್ನೊಂದು ನಿಯಮ. 25 ಕೆಜಿ ಮೀರಿದ ಒಂದೇ ಚೀಲಕ್ಕೆ ತೆರಿಗೆ ಇಲ್ಲ. 10 ಕೆಜಿಯ ಮೂರು ಪ್ಯಾಕೆಟ್ ತಗೊಂಡರೆ ಇದೆ. 26 ಕೆಜಿ ಅಕ್ಕಿ ಚೀಲ ಅಂಗಡಿಗೆ ಬಂದಿದ್ದು ಹೀಗೆ. ಸಂಬಳ ಬಂದ ದಿನ ನಾನು 30 ಕೆಜಿ ಚೀಲ ತಂದು ಬಾಲ್ಕನಿಯಲ್ಲಿ ಇಟ್ಟುಕೊಳ್ಳಬಲ್ಲೆ. ನಮ್ಮ ಮನೆಗೆಲಸಕ್ಕೆ ಬರೋ ದೀದಿ 5 ಕೆಜಿ ಪ್ಯಾಕೆಟ್ ತಗೋತಾರೆ. ಚಕ್ಕಿಯಲ್ಲಿ ಬಿಡಿ ಹಿಟ್ಟು ತಗೋಬಹುದಲ್ಲ ಅಂದೆ. "ಬಿಡಿಯಲ್ಲಿ ಏನು ಬೆರೆಸಿರ್ತಾರೋ ಭೈಯಾ, ಪ್ಯಾಕೆಟ್ಟಾದರೆ ತೂಕ ಆದ್ರೂ ಸರಿ ಇರುತ್ತೆ" ಅಂದ್ರು. ತೆರಿಗೆ ಇದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಎಂಆರ್‌ಪಿಯೊಳಗೆ ಸೇರಿಹೋಗಿರುತ್ತಲ್ಲ, ಕಾಣೋದು ಹೇಗೆ?

2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಪರೋಟ ರೊಟ್ಟಿಯಲ್ಲ, ಅದಕ್ಕೆ ಶೇ. 18 ಅಂದಿತ್ತು, ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. 2025ರ ಸೆಪ್ಟೆಂಬರ್ 22ರಿಂದ ಪರೋಟ, ಚಪಾತಿ, ಪ್ಯಾಕೆಟ್ ಪನೀರ್ ಎಲ್ಲ ಸೊನ್ನೆ. ಒಳ್ಳೇದೇ. ಆದರೆ ಹಿಟ್ಟಿನ ಪ್ಯಾಕೆಟ್ ಶೇ. 5ರಲ್ಲೇ ಉಳೀತು. ಫ್ಯಾಕ್ಟರಿಯಲ್ಲಿ ಮಾಡಿದ ಚಪಾತಿಗೆ ಇಲ್ಲದ ತೆರಿಗೆ, ಮನೆಯಲ್ಲಿ ಲಟ್ಟಿಸೋ ಚಪಾತಿಯ ಹಿಟ್ಟಿಗೆ!

ವಿನಾಯಿತಿ ಕೊಟ್ಟರೂ ಬೆಲೆ ಪೂರ್ತಿ ಅಷ್ಟು ಇಳಿಯಲ್ಲ. ಗಿರಣಿಯವರು ಯಂತ್ರಕ್ಕೆ, ಪ್ಲಾಸ್ಟಿಕ್ ಕವರಿಗೆ ಕಟ್ಟಿದ ತೆರಿಗೆಯನ್ನು ಈಗ ವಾಪಸ್ ಹೊಂದಿಸಿಕೊಳ್ತಾರೆ. ಹಿಟ್ಟಿಗೆ ವಿನಾಯಿತಿ ಬಂದರೆ ಅದು ತಪ್ಪಿ ಬೆಲೆಗೇ ಸೇರುತ್ತೆ. 2018ರಲ್ಲಿ ಸ್ಯಾನಿಟರಿ ಪ್ಯಾಡಿಗೆ ಶೇ. 12 ತೆಗೆದಾಗಲೂ ಇದೇ ತಕರಾರು. ಅದಕ್ಕಂತ ಕೇಳದೇ ಇರೋಕಾಗಲ್ಲ. ಎಲ್ಲ ಪ್ಯಾಕೆಟ್ಟಿಗೂ ಆಗದಿದ್ದರೆ ಬೇಡ, ಈ ನಿಯಮವನ್ನಾದರೂ ತಿರುಗಿಸಿ: 25 ಕೆಜಿ ಮೇಲಿನ ಚೀಲಕ್ಕೆ ಕೊಟ್ಟಿರೋ ವಿನಾಯಿತಿಯನ್ನ 10 ಕೆಜಿ ಒಳಗಿನ ಪ್ಯಾಕೆಟ್ಟಿಗೆ ಕೊಡಿ.

ಕುಕ್ಕರ್ ಮೂರನೇ ಸಲ ಕೂಗ್ತು. ಬರ್ತೀನಿ, ನಮಸ್ಕಾರ.