ದೇಶಾಂತರವೂ ಮನೆಯಂಗಳವೂ



ದೂರದೇಶವನ್ನು ಕಂಡುಬಂದವನು ಊರಿಗೆ ತಂದುದೇನೆಂದು ಜನರು ಕೇಳುವುದು ಸಹಜವು. ಪುತ್ತೂರಿನ ಬಾಲವನದಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರ (೧೯೦೨–೧೯೯೭) ಬಾಳಿನಲ್ಲಿ ಇದಕ್ಕೆ ಸದುತ್ತರವುಂಟು.

೧೯೩೦ರ ದಶಕದಲ್ಲಿಯೇ ಅವರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ರಚಿಸಿ, ಕನ್ನಡದ ಮಕ್ಕಳಿಗೆ ಜಗತ್ತನ್ನು ಪರಿಚಯಿಸಿದ್ದರು. ಯೂರೋಪನ್ನು ಕಣ್ಣಾರೆ ಕಂಡುದು ೧೯೫೦ರ ದಶಕದಲ್ಲಿ. ಕಂಡುದನ್ನು ತಮ್ಮಲ್ಲಿಯೇ ಇರಿಸಿಕೊಳ್ಳದೆ ‘ಅಪೂರ್ವ ಪಶ್ಚಿಮ’ವೆಂಬ ಗ್ರಂಥವಾಗಿ ನಾಡಿಗೊಪ್ಪಿಸಿ, ಮರಳಿ ಪುತ್ತೂರಿನ ನಿತ್ಯದ ಬರವಣಿಗೆಗೆ ತೊಡಗಿದರು. ಅವರಿಗೆ ಪ್ರಯಾಣವು ಕಾಯಕದಿಂದ ಬಿಡುವಾಗಲಿಲ್ಲ, ಕಾಯಕವೇ ಆಯಿತು.

ಇಂದು ಪುತ್ತೂರು, ಸುಳ್ಯ, ಕಡಬಗಳ ಎಷ್ಟೋ ಮನೆಗಳ ಮಕ್ಕಳು ಗಲ್ಫ್ ನಾಡುಗಳಲ್ಲಿ ದುಡಿಯುತ್ತಿರುವರು. ಅಡಕೆ ಹರವಿದ ಅಂಗಳದಲ್ಲಿ ವೃದ್ಧಮಾತೆಯರು ಅವರ ಬರವನ್ನು ಕಾಯುತ್ತಿರುವರು. ಬಂದ ಮಗನು ಹಣವನ್ನಷ್ಟೇ ಕೈಗಿತ್ತು ಮೌನದಿಂದ ಹಿಂದಿರುಗಿದರೆ, ತಾಯಿಗೆ ಅವನ ಅರ್ಧ ಬಾಳು ಅಪರಿಚಿತವಾಗಿಯೇ ಉಳಿಯುವುದು. ಕಂಡುದನ್ನೂ ಉಂಡ ಕಷ್ಟವನ್ನೂ ಬಳಿಯಲ್ಲಿ ಕುಳಿತು ಹೇಳುವುದು ಅವನ ಋಣವು.

ಕಡಬದ ಸೀಮೆಯಲ್ಲಿ ಹರಿವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಕಡಲಿಗಿಳಿಯುವುದು. ಆ ಕಡಲೇ ಮುಂಗಾರು ಮುಗಿಲಾಗಿ ಘಟ್ಟವನ್ನೇರಿ ತೋಟಗಳನ್ನು ತಣಿಸುವುದು. ಹೋದವರ ಬರವೂ ಅಂತೆಯೇ ಮನೆಯನ್ನು ತಣಿಸಲಿ.